ತಿರುಗುವ ಗಾಲಿ, ನಿಂತ ಗಾಡಿ

ಹೋದ ಸಲ ಆಯಿ ಮಾಡುತ್ತಿದ್ದ ಶೇಂಗಾ ಹೋಳಿಗೆಯ ಬಗ್ಗೆ ಬರೆದಾಗ ಕೆಲವರು ‘ಈಗಲೂ ಅವರೇ ಲಟ್ಟಿಸತಾರೇನು?’ ಅಂತ ಕೇಳಿದ್ದಿರಿ. ಇಲ್ಲ. ಎರಡು ಮಳೆಗಾಲದ ಹಿಂದಿನಿಂದ ಆಯಿಯ ಎಡಗೈ ಏಳುವುದಿಲ್ಲ. ಯಾಕೆ ಅಂತ ಬರೆಯಲು ಕೂತರೆ ಕತೆ ಒಂದು ಪಿಕಪ್ ಗಾಡಿಯ ಹಿಂದಿನ ಆಕ್ಸಲ್‌ನೊಳಗೆ ಹೋಗಿ ನಿಲ್ಲುತ್ತದೆ. ಗೇರು, ಗಾಲಿ ಅಂದರೆ ಬೇಸರ ಬರುವವರು ಸ್ವಲ್ಪ ತಡೆಯಿರಿ, ನಮ್ಮ ಅವ್ವನಿಗೆ ತಿಳಿಸಿ ಹೇಳಿ ಆದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವಾಗ ಡಾಂಬರು ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಹೊಲದ ಮನೆ. ದಾರಿ ಪೂರ್ತಿ ಎರಿ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಭೂಮಿ ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ. ಚಪ್ಪಲಿಗೆ ಮೆತ್ತಿದರೆ ಒಂದೊಂದು ಕಾಲು ಎರಡೆರಡು ಕಿಲೋ. ಟೈರಿನ ಹಲ್ಲಿನ ಸಂದಿಗೆ ಮೆತ್ತಿತೆಂದರೆ ಎಂಥಾ ಹೊಸ ಟೈರೂ ಬೋಳು ಟೈರೇ.

ಆವತ್ತು ಸಂಜೆ ಏಳೂವರೆಗೆ ಊಟಕ್ಕೆ ಕೂತಾಗ ಆಯಿ ಚಲೋ ಇದ್ದಳು. ಎಂಟೂವರೆಗೆ ಬಾಯಿ ಒಂದು ಕಡೆ ಜೋತಿತ್ತು, ಮಾತು ತೊದಲುತ್ತಿತ್ತು. ಕಾಕಾ ಆಕೆಯನ್ನು ಎತ್ತಿಕೊಂಡು ಪಿಕಪ್ಪಿನ ಹಿಂದಿನ ಸೀಟಿಗೆ ಮಲಗಿಸಿದರು. ಡಬಲ್ ಕ್ಯಾಬಿನ್, ಫೋರ್ ವೀಲ್ ಡ್ರೈವ್ ಗಾಡಿ. ‘ಯಾವ ರಾಡಿಗೂ ಅಂಜಬ್ಯಾಡ’ ಅಂತ ನಾನೇ ಆರಿಸಿ ಕೊಡಿಸಿದ್ದು. ಡಾಂಬರು ಇನ್ನೂ ಕಾಲು ಕಿಲೋಮೀಟರ್ ಇರುವಾಗ ಹುಗಿದುಕೊಂಡಿತು. ಫೋರ್ ಲೋ ಹಾಕಿದರು. ಮುಂದಿನದೊಂದು ಗಾಲಿ, ಹಿಂದಿನದೊಂದು ಗಾಲಿ ಗರಗರ ತಿರುಗಿದವು. ಉಳಿದೆರಡು ಸತ್ಯಾಗ್ರಹಕ್ಕೆ ಕೂತವರಂತೆ ಅಲ್ಲಾಡಲಿಲ್ಲ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಒಂದೂಮುಕ್ಕಾಲು ತಾಸು ಹೋಯಿತು. ನಾನು ಬೆಂಗಳೂರಿನ ರೂಮಿನಲ್ಲಿ ಫೋನ್ ಹಿಡಿದು ಆ ಗಾಲಿಯ ಸದ್ದು ಕೇಳುತ್ತಾ ನಿಂತಿದ್ದೆ.

ಬೈಲಹೊಂಗಲದಲ್ಲಿ ತೋರಿಸಿ, ಅವರು ಕಳಿಸಿದಂತೆ ಬೆಳಗಾವಿ ಮುಟ್ಟಿದಾಗ ಹನ್ನೆರಡೂ ನಲವತ್ತು. ಮೆದುಳಿನ ರಕ್ತನಾಳದ ಗಡ್ಡೆ ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ನಮ್ಮ ಲೆಕ್ಕಕ್ಕೆ ಅದು ಹನ್ನೆರಡಕ್ಕೆ ಮುಗಿದಿತ್ತು. ಕೊಟ್ಟಿದ್ದರೆ ಕೈ ಬರುತ್ತಿತ್ತೋ ಇಲ್ಲವೋ, ಹಾಗೆಂದು ಯಾರೂ ಬರೆದುಕೊಡುವುದಿಲ್ಲ. ಆದರೆ ಕಾಕಾ ಅದಾದ ಮೇಲೆ ತಿಂಗಳುಗಟ್ಟಲೆ ಆ ಗಾಡಿಯ ಸ್ಟೀರಿಂಗ್ ಮುಟ್ಟಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು. ‘ತಮ್ಮಾ, ನಾಕೂ ಗಾಲಿ ತಿರಗತಾವ ಅಂದಿದ್ದಿ. ಎರಡ ಯಾಕ ತಿರಗಿದ್ವು?’

ಎಂಜಿನಿಯರಿಂಗ್ ಓದಿದವನು ನಾನು, ಆದರೆ ಕಂಪ್ಯೂಟರ್ ಸೈನ್ಸ್. ಉತ್ತರ ಗೊತ್ತಿರಲಿಲ್ಲ. ಓದಿ ತಿಳಿದುಕೊಂಡು ಅವರಿಗೆ ಹೀಗೆ ಹೇಳಿದೆ.

ಚಕ್ಕಡಿಗೆ ಈ ತೊಂದರೆ ಇಲ್ಲ. ಅದರ ಎರಡೂ ಗಾಲಿ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವುದು ಎತ್ತು. ಮೋಟಾರು ಗಾಡಿಯಲ್ಲಿ ಗಾಲಿಯೇ ಎಳೆಯಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಶಕ್ತಿ ಕೊಡಬೇಕು, ಬೇರೆ ಬೇರೆ ವೇಗಕ್ಕೂ ಬಿಡಬೇಕು. ಈ ಕೆಲಸ ಮಾಡುವುದೇ ಡಿಫರೆನ್ಷಿಯಲ್, ನಮ್ಮ ಮಿಸ್ತ್ರಿಗಳು ಕ್ರೌನ್ ಅಂತ ಕರೆಯುವ ಆ ಗುಂಡು ಡಬ್ಬಿಯೊಳಗಿನ ಗೇರುಗಳು. ಅದರ ಸ್ವಭಾವ ಏನೆಂದರೆ ಎಡಕ್ಕೆ ಎಷ್ಟು ಬಲವೋ ಬಲಕ್ಕೂ ಅಷ್ಟೇ. ರಾಡಿಯಲ್ಲಿರುವ ಗಾಲಿ ಎರಡು ಪಾಲು ಬಲಕ್ಕೇ ಜಾರಿದರೆ, ಗಟ್ಟಿ ನೆಲದ ಮೇಲಿನ ಗಾಲಿಗೂ ಸಿಗುವುದು ಎರಡೇ ಪಾಲು. ಅಷ್ಟರಲ್ಲಿ ಗಾಡಿ ಏಳದು. ಮುಂದೊಂದು, ಹಿಂದೊಂದು ಇಂಥ ಸಮಾನತಾವಾದಿ ಇದ್ದರೆ ಫೋರ್ ವೀಲ್ ಡ್ರೈವ್‌ನಲ್ಲೂ ತಿರುಗುವುದು ಎರಡೇ ಗಾಲಿ.

ಕಾಕಾ ತಟ್ಟನೆ, ‘ಟ್ರ್ಯಾಕ್ಟರದಾಗ ಹಿಮ್ಮಡದಿಂದ ಒತ್ತೂ ಪೆಡಲ್ ಐತಲ್ಲ, ಎರಡೂ ಗಾಲಿ ಕೂಡಿ ತಿರಗತಾವು. ಅದನ್ನ ಇದಕ್ಕ ಹಾಕೂದಲ್ಲ?’ ಅಂದರು. ನಾನು ಒಂದು ವಾರ ಓದಿ ಮುಟ್ಟಿದ ಜಾಗಕ್ಕೆ ಅವರು ಅರ್ಧ ನಿಮಿಷದಲ್ಲಿ ಬಂದಿದ್ದರು.

ಹಾಕಬಹುದು, ಆದರೆ ಯಾವುದನ್ನು? ಲಿಮಿಟೆಡ್ ಸ್ಲಿಪ್ ಅನ್ನುವುದೊಂದಿದೆ. ಪ್ಲೇಟುಗಳ ತಿಕ್ಕಾಟದಿಂದ ಜಾರುವ ಗಾಲಿಯನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಬಿಗಿಯುವುದಿಲ್ಲ. ನಮ್ಮ ರಾಡಿಗೆ ಅದು ಸಾಲದು. ಗಾಳಿಯಿಂದ ಅಥವಾ ಕರೆಂಟಿನಿಂದ ಬಿಗಿಯುವ ಸ್ವಿಚ್ಚಿನ ಲಾಕರ್ ಎಲ್ಲಕ್ಕಿಂತ ಪಕ್ಕಾ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಚಾಲಕನೇ ಹಾಕುವ ಲಾಕ್ ಇದೆ, ಟೊಯೋಟಾ ಹೈಲಕ್ಸ್ ಪಿಕಪ್ಪಿನ ಹಿಂದಿನ ಆಕ್ಸಲ್‌ಗೆ ಕರೆಂಟಿನದು. ನನ್ನ ಮನಸ್ಸು ಮೊದಲು ಅತ್ತಲೇ ಇತ್ತು. ಸ್ವಿಚ್ ಅಂದರೆ ನಮ್ಮ ಮಂದಿಗೆ ಪ್ರೀತಿ.

ಆದರೆ ಆ ರಾತ್ರಿಯನ್ನು ನೆನೆದೆ. ಹಿಂದೆ ತಾಯಿ ಒರಗಿದ್ದಾಳೆ, ಕತ್ತಲೆ, ಮಳೆ. ಐವತ್ತೆಂಟರ ಕಾಕಾನಿಗೆ ಸ್ವಿಚ್ ನೆನಪಾಗುತ್ತಿತ್ತೇ? ಆದರೂ ಹುಗಿದ ಮೇಲೆ. ಆಮೇಲೆ ಡಾಂಬರು ಹತ್ತಿದಾಗ ಬಿಚ್ಚಲು ಮರೆತರೆ ಬಿಗಿದ ಆಕ್ಸಲ್ ತಿರುವಿನಲ್ಲಿ ಗಾಡಿಯನ್ನು ನೇರ ನೂಕುತ್ತದೆ. ತನ್ನಷ್ಟಕ್ಕೆ ಬಿಗಿದು ತನ್ನಷ್ಟಕ್ಕೆ ಬಿಡುವುದು ಬೇಕಿತ್ತು.

ಅದರಲ್ಲೂ ಎರಡು ಜಾತಿ. ಡೆಟ್ರಾಯಿಟ್ ಲಾಕರ್ ತರದವು ಸದಾ ಬಿಗಿದೇ ಇರುತ್ತವೆ, ತಿರುವಿನಲ್ಲಿ ಮಾತ್ರ ಹೊರಗಿನ ಗಾಲಿಯನ್ನು ಬಿಟ್ಟುಕೊಡುತ್ತವೆ. ಗಟ್ಟಿಮುಟ್ಟು, ನಿಜ. ಆದರೆ ಕಟಕಟ ಸದ್ದು, ತಿರುವಿನಲ್ಲಿ ಜಗ್ಗಾಟ. ಕಾಕಾನ ಗಾಡಿ ಹೊಲಕ್ಕಿಂತ ಹೆಚ್ಚು ಓಡುವುದು ಡಾಂಬರಿನ ಮೇಲೆ, ಬೈಲಹೊಂಗಲದ ಸಂತೆಗೆ, ಬೆಳಗಾವಿಗೆ. ಬೇಡ ಅನ್ನಿಸಿತು.

ಇನ್ನೊಂದು ಈಟನ್ ಕಂಪನಿಯ ಗವರ್ನರ್ ಮಾದರಿ. 1973ರಿಂದ ಅಮೆರಿಕದ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ ಬಂದದ್ದು. ನಮ್ಮಲ್ಲಿ 2020ರ ಥಾರ್‌ನಲ್ಲಿ, ಬೊಲೆರೊ ನಿಯೊದ ಮೇಲಿನ ಮಾಡೆಲ್‌ನಲ್ಲಿ ‘ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್’ ಅಂತ ಇರುವುದು ಈ ಮನೆತನದ್ದೇ. ನನಗೆ ಇದರ ಬುದ್ಧಿ ಭಾಳ ಹಿಡಿಸಿತು. ಸೆನ್ಸರ್ ಇಲ್ಲ, ವೈರ್ ಇಲ್ಲ, ಒಂದು ಸಾಲು ಕೋಡ್ ಇಲ್ಲ. ಎಡ ಬಲ ಗಾಲಿಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದರೆ ಒಳಗೆ ಸಣ್ಣ ತೂಕಗಳು ರೆಕ್ಕೆಯಂತೆ ಹೊರಗೆ ತೆರೆದುಕೊಂಡು ಒಂದು ಕೊಂಡಿಗೆ ಸಿಗುತ್ತವೆ. ಆಗ ಕ್ಯಾಮ್ ಏರಿ ಪ್ಲೇಟುಗಳನ್ನು ಅಮುಕಿ ಎರಡೂ ಗಾಲಿಯನ್ನು ಒಂದು ಮಾಡುತ್ತದೆ. ಗಾಡಿ ಸುಮಾರು 30 ಕಿಲೋಮೀಟರ್ ವೇಗ ದಾಟಿದರೆ ಆ ಕೊಂಡಿಯೇ ದೂರ ಸರಿಯುತ್ತದೆ, ಹೆದ್ದಾರಿಯಲ್ಲಿ ಬಿಗಿಯುವ ಭಯವಿಲ್ಲ.

100 ಆರ್‌ಪಿಎಂ ಅಂದರೆ ಎಷ್ಟು? ನಮ್ಮ ಟೈರಿನ ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರ್. ಒಂದು ಗಾಲಿ ನಿಂತು ಇನ್ನೊಂದು 100 ತಿರುಗಿದರೆ ಕ್ರೌನ್ ತಿರುಗುವುದು ಸರಾಸರಿ 50. ಅಂದರೆ ಗಾಡಿ ನಿಂತಲ್ಲೇ ಇದ್ದರೂ ಸ್ಪೀಡೋಮೀಟರ್ ಆರೂವರೆ ತೋರಿಸಬೇಕು. ಕಾಕಾ ಆವತ್ತು ತುಳಿದ ರಭಸಕ್ಕೆ ಅದು ಯಾವಾಗಲೋ ಬಿಗಿಯುತ್ತಿತ್ತು. ಈ ಲೆಕ್ಕ ಮುಗಿದ ಮೇಲೆ ಬಹಳ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ.

ದೋಷವೂ ಇದೆ. ಗಾಲಿ ಜಾರಿದ ಮೇಲೆ ಬಿಗಿಯುವುದರಿಂದ ಎರಿ ಮಣ್ಣಿನಲ್ಲಿ ಅಷ್ಟರೊಳಗೆ ನಾಲ್ಕು ಬೆರಳು ಇಳಿದಿರುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಬಿಗಿದರೆ ಆಕ್ಸಲ್‌ಗೆ ಪೆಟ್ಟು. ಮುಂದಿನ ಆಕ್ಸಲ್‌ಗೂ ಹಾಕಿದರೆ ಸ್ಟೀರಿಂಗ್ ಜಗ್ಗುತ್ತದೆ, ಹಾಗಾಗಿ ಹಿಂದಿನದಕ್ಕೆ ಮಾತ್ರ.

ಅಪ್ಪ ಬೇರೆಯದೇ ವಾದ ತೆಗೆದರು. ‘ಒಂದ ಚಲೋ ಎಮ್ಮಿ ಬರೂವಷ್ಟು ರೊಕ್ಕ ಅದು. ಅದರಾಗ ದಾರಿಗೆ ಗರಸು ಹಾಕಸು, ಎಲ್ಲಾರ ಗಾಡಿನೂ ದಾಟತಾವು.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ದಾರಿ ಐದು ಮನೆಯವರ ಹೊಲದ ಬದುವಿನ ಮೇಲಿದೆ, ಇಬ್ಬರು ಒಂದು ಪುಟ್ಟಿ ಗರಸೂ ಬೀಳಗೊಡುವುದಿಲ್ಲ. ಮಾತುಕತೆ ಇನ್ನೂ ನಡೆದಿದೆ.

ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಆಕ್ಸಲ್ ಎಳೆದು ಹಲ್ಲು ಎಣಿಸಿ, ಕ್ರೌನ್ ಅಳತೆ ಬರೆದುಕೊಂಡು, ಹೊಂದುವ ಒಂದನ್ನು ಹುಡುಕಿಕೊಟ್ಟರು. ಹಾಕಿಸುವವರು ಈ ಎಣಿಕೆ ಬಿಟ್ಟು ಮುಂಗಡ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು, ಆರ್‌ಟಿಓದಲ್ಲಿ ಮತ್ತು ವಿಮೆಯವರಲ್ಲಿ ಮೊದಲೇ ವಿಚಾರಿಸಿ. ಕಂಪನಿಯಿಂದಲೇ ಬಂದ ಲಾಕರ್ ಇರುವ ಗಾಡಿ ಕೊಳ್ಳಲು ಆಗುವುದಾದರೆ ಈ ತಲೆನೋವೇ ಇಲ್ಲ. ಮತ್ತೊಂದು, ಲಿಮಿಟೆಡ್ ಸ್ಲಿಪ್‌ಗೆ ಸುರಿಯುವ ಫ್ರಿಕ್ಷನ್ ಮಾಡಿಫೈಯರ್ ಎಣ್ಣೆ ಇದಕ್ಕೆ ಬೇಡ.

ಈ ಜುಲೈಯಲ್ಲಿ ಮೊದಲ ಜೋರು ಮಳೆಯ ಮರುದಿನ ಕಾಕಾ ಗಾಡಿ ತೆಗೆದರು. ಆಯಿ ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದೆ ಕೂತಳು. ನಾನು ಪಕ್ಕದಲ್ಲಿ. ಅದೇ ಜಾಗಕ್ಕೆ ಬಂದಾಗ ಗಾಡಿ ಕುಸಿಯಿತು, ಹಿಂದಿನ ಎಡಗಾಲಿ ಗರಗರ ಅಂದಿತು. ಕಾಕಾನ ಕುತ್ತಿಗೆಯ ನರ ಬಿಗಿದದ್ದು ನನಗೆ ಕಾಣುತ್ತಿತ್ತು. ‘ಸಣ್ಣಂಗ ಒತ್ರಿ ಕಾಕಾ, ಬಿಡಬ್ಯಾಡ್ರಿ’ ಅಂದೆ. ಕೆಳಗೆ ಟಕ್ ಅಂದಿತು. ಗಾಡಿ ಮುಂದಕ್ಕೆ ಎದ್ದಿತು.

‘ಏನ ಮುರೀತೋ?’ ಅಂದಳು ಆಯಿ.

ಕಾಕಾ ಉತ್ತರ ಕೊಡಲಿಲ್ಲ. ಡಾಂಬರು ಮುಟ್ಟಿ, ಗಾಡಿ ನಿಲ್ಲಿಸಿ, ಇಳಿದು ಹೋಗಿ ಬೇಲಿಯ ಕಡೆ ಮುಖ ಮಾಡಿ ನಿಂತರು. ವಾಪಸು ಬರುವಾಗ ಇನ್ನೊಂದು ಕಡೆ ಹಿಂದಿನ ಎರಡೂ ಗಾಲಿ ಕೂಡಿಯೇ ಹುಗಿದವು. ಲಾಕರ್ ಬಿಗಿಯಿತು, ಎರಡೂ ಚಂದಾಗಿ ಒಟ್ಟಿಗೆ ತಿರುಗಿದವು, ಗಾಡಿ ಮಾತ್ರ ಕದಲಲಿಲ್ಲ. ಟ್ರ್ಯಾಕ್ಟರೇ ಬರಬೇಕಾಯಿತು. ಈಗ ಮಳೆಗಾಲದಲ್ಲಿ ಪಕ್ಕದ ಹೊಲದವರ ಟ್ರ್ಯಾಕ್ಟರಿನ ಒಂದು ಕೀಲಿ ನಮ್ಮ ಜಗಲಿಯ ಗೂಟಕ್ಕೆ ತೂಗುತ್ತದೆ, ಆಯಿಯ ಬಲಗೈಗೆ ಎಟಕುವಂತೆ.