ಶಾಲಿಗಿಂತ ಮೊದಲು ಬಿಡುವು

ಮಂಡ್ಯದಲ್ಲಿ ಸಾಹಿತಿಗೆ ಮರ್ಯಾದೆಯಿಲ್ಲವೆಂದು ಯಾರೂ ಹೇಳಲಾರರು. 1974ರಲ್ಲಿ ಜಯದೇವಿತಾಯಿ ಲಿಗಾಡೆಯವರ ಅಧ್ಯಕ್ಷತೆಯಲ್ಲಿ, 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ, ಹೀಗೆ ಮೂರು ಸಲ ಕನ್ನಡ ಸಾಹಿತ್ಯ ಸಮ್ಮೇಳನವು ಇಲ್ಲಿ ನೆರೆದಿದೆ. ಸಮ್ಮೇಳನವಿಲ್ಲದ ವರ್ಷಗಳಲ್ಲಿಯೂ ಶಾಲು ಹೊದಿಸುವ ಕಾರ್ಯ ನಿಂತದ್ದಿಲ್ಲ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫಲಕ, ಇವುಗಳ ಬೆಲೆ ನಮ್ಮ ಅಂಗಡಿ ಬೀದಿಯ ವಾಚಕರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಿಲ್ಲು ಬರೆಯುವವರು ಅವರೇ ತಾನೆ!

ಇದನ್ನು ನಾವು ಹಳಿಯುವುದಿಲ್ಲ. ಬರೆದವನನ್ನು ಊರು ಕರೆದು ಕೂರಿಸಿ ಗೌರವಿಸುವುದು ಒಳ್ಳೆಯ ಸಂಪ್ರದಾಯವೇ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆವು. ಶಾಲು ಹೊದ್ದವನಿಗೆ ಬರೆಯುವುದಕ್ಕೆ ಬಿಡುವು ಎಲ್ಲಿಂದ ಬಂತು? ಬಿಡುವೇ ದೊರಕದೆ, ಬರೆಯಬೇಕಾದದ್ದನ್ನು ಎದೆಯಲ್ಲಿಯೇ ಇಟ್ಟುಕೊಂಡು ಹೋದವರು ಎಷ್ಟು ಮಂದಿ?

ನಾವು ಪಕ್ಷದ ಕೆಲಸಕ್ಕೆ ಬರುವ ಮುಂಚೆ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದೆವು. ಆಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಸುವಿನ ಮೇಲೆ ಪ್ರಬಂಧ ಬರೆ ಎಂದರೆ, ಸಾಲಕ್ಕೆ ಹಸು ಮಾರಿದ ದಿನ ತನ್ನ ಅವ್ವ ಒಲೆ ಹೊತ್ತಿಸಲಿಲ್ಲವೆಂದು ಬರೆದಿದ್ದ. ಈಗ ಅವನು ಸಕ್ಕರೆ ಮಿಲ್ಲಿನಲ್ಲಿ ಹಂಗಾಮಿ ಕೆಲಸಗಾರ. ರಾತ್ರಿ ಪಾಳಿ ಮುಗಿಸಿ ಬಂದು, ಕಬ್ಬಿನ ತೂಕದ ಚೀಟಿಗಳ ಬೆನ್ನ ಮೇಲೆ ಕಥೆ ಬರೆಯುತ್ತಾನೆ. ಕಳೆದ ವರ್ಷ ಒಂದು ಸಂಸ್ಥೆ ಕಥಾಸ್ಪರ್ಧೆಗೆ ಕರೆ ಕೊಟ್ಟಿತು. ಪ್ರವೇಶ ಶುಲ್ಕ 300 ರೂಪಾಯಿ. ಕಥೆಯನ್ನು ಕಂಪ್ಯೂಟರಿನಲ್ಲಿ ಅಚ್ಚು ಮಾಡಿಸಿ ಮೂರು ಪ್ರತಿ ಕಳುಹಿಸಬೇಕು. ಅಚ್ಚಿನ ಖರ್ಚು, ಅಂಚೆಯ ಖರ್ಚು ಸೇರಿದರೆ ಅವನ ಒಂದು ದಿನದ ಕೂಲಿ ಸಾಲದು. ಅವನು ಕಳುಹಿಸಲಿಲ್ಲ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಸಾಹಿತ್ಯದ ಬಾಗಿಲಲ್ಲಿಯೂ ಸುಂಕದ ಕಟ್ಟೆ ಇದೆಯೆಂದು ತಿಳಿಸುವುದಷ್ಟೇ ನಮ್ಮ ಉದ್ದೇಶ.

ಲೇಖಕರಿಗೆ ನೆರವಾಗಬೇಕೆಂದು ಲಾಭದ ಆಸೆಯಿಲ್ಲದೆ ನಡೆಯುವ ಸಂಘಗಳು, ಪ್ರತಿಷ್ಠಾನಗಳು ನಾಡಿನಲ್ಲಿ ಹಲವು ಇವೆ. ಅವುಗಳ ನೆರವು ಸಾಮಾನ್ಯವಾಗಿ ಮೂರು ಬಗೆಯದು: ಬಹುಮಾನ, ಬರೆಯುವ ಕಾಲಕ್ಕೆ ಕೊಡುವ ವೇತನ, ಮತ್ತು ಬರವಣಿಗೆಯ ಶಿಬಿರ. ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡೋಣ.

ಮೊದಲು ಬಹುಮಾನ. ನಮ್ಮ ಜಿಲ್ಲೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಪದವಿಯ ಓದನ್ನು ಪೂರೈಸಲಾಗದೆ ಸರ್ಕಾರಿ ಕಚೇರಿಯ ಗುಮಾಸ್ತೆಯಾದವರು. ಅವರ 'ಮೈಸೂರು ಮಲ್ಲಿಗೆ' 1942ರಲ್ಲಿ ಹೊರಬಂತು. ಮರುವರ್ಷ ಅದಕ್ಕೆ ದೇವರಾಜ ಬಹದ್ದೂರ್ ಬಹುಮಾನ ಸಂದಿತು. ಹೊಸ ಕವಿಯೊಬ್ಬನಿಗೆ ಅಂತಹ ಮನ್ನಣೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ನಾವು ಬಲ್ಲೆವು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೈದ್ಯರು. ರೋಗಿಗಳನ್ನು ನೋಡುವುದರ ನಡುವೆ ಬಿಡುವು ಮಾಡಿಕೊಂಡು, ಈ ಸೀಮೆಯ ರೈತರ ಬದುಕನ್ನು ರೈತರ ಮಾತಿನಲ್ಲಿಯೇ ಕಥೆ ಮಾಡಿದವರು. ಇಂದು ಅವರ ಹೆಸರಿನ ಪ್ರತಿಷ್ಠಾನವು ಕಥಾಸಂಕಲನಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಇವೆಲ್ಲ ಆಗಬೇಕಾದ ಕೆಲಸಗಳೇ.

ಆದಾಗ್ಯೂ ಬಹುಮಾನ ಬರುವುದು ಬೆಳೆ ಮನೆಗೆ ಬಂದ ಮೇಲೆ. ಬಿತ್ತುವಾಗ ಬೀಜಕ್ಕೆ, ಗೊಬ್ಬರಕ್ಕೆ ಅದು ಒದಗುವುದಿಲ್ಲ. ಅಲ್ಲದೆ ನಮ್ಮಲ್ಲಿ ಅನೇಕ ಬಹುಮಾನಗಳು ದತ್ತಿಯ ಬಡ್ಡಿಯಿಂದ ನಡೆಯತಕ್ಕವು. ದಾನಿ ಒಂದು ಇಡುಗಂಟನ್ನು ಇಡುತ್ತಾನೆ, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ. 20,000 ರೂಪಾಯಿಯ ಇಡುಗಂಟಿಗೆ ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 1,400 ರೂಪಾಯಿ. ಶಾಲು, ಹಾರ, ಆಹ್ವಾನ ಪತ್ರಿಕೆ, ಧ್ವನಿವರ್ಧಕ ಇಷ್ಟಕ್ಕೇ ಅದು ಮುಗಿಯಿತು. ಇಡುಗಂಟು ಅಷ್ಟೇ ಇರುತ್ತದೆ, ಪದಾರ್ಥಗಳ ಬೆಲೆ ಏರುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ದಾನಿಯ ಹೆಸರು. ಲೇಖಕನ ಕೈಗೆ ಬಂದದ್ದು ಬಸ್ ಚಾರ್ಜಿಗೂ ಸಾಲದು.

ಎರಡನೆಯದು ಬರೆಯುವ ಕಾಲಕ್ಕೆ ವೇತನ, ಅಂದರೆ ಫೆಲೋಷಿಪ್. ಹೆಸರು ದೊಡ್ಡದಾದರೂ ವಿಷಯ ಸರಳ. ಇಷ್ಟು ತಿಂಗಳು ನಿನ್ನ ಊಟದ ಚಿಂತೆ ನಮ್ಮದು, ನೀನು ಬರೆ, ಎಂಬುದೇ ಅದರ ಅರ್ಥ. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಮ್ಯಾಕ್‌ಡೊವೆಲ್ ಎಂಬ ಸಂಸ್ಥೆ 1907ರಿಂದ ಇದನ್ನು ನಡೆಸುತ್ತಿದೆ. ಕಾಡಿನ ನಡುವೆ ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಕೋಣೆ. ಕೆಲಸಕ್ಕೆ ಅಡ್ಡಿಯಾಗಬಾರದೆಂದು ಮಧ್ಯಾಹ್ನದ ಬುತ್ತಿಯನ್ನು ಸದ್ದಿಲ್ಲದೆ ಬಾಗಿಲಲ್ಲಿ ಇಟ್ಟು ಹೋಗುವುದು ಅಲ್ಲಿಯ ಪದ್ಧತಿ. ಗದ್ದೆಯಲ್ಲಿ ದುಡಿಯುವವನಿಗೆ ಹೊತ್ತಿಗೆ ಸರಿಯಾಗಿ ಬುತ್ತಿ ಬರಬೇಕೆಂಬುದು ನಮ್ಮ ಜನಕ್ಕೆ ಹೊಸ ಮಾತೇನಲ್ಲ. ಬರೆಯುವುದೂ ದುಡಿಮೆ, ಅವನಿಗೂ ಬುತ್ತಿ ಬೇಕು, ಎಂದು ಒಪ್ಪಿದರೆ ಸಾಕು.

ಮೂರನೆಯದು ಶಿಬಿರ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯನ್ನು ಕೆ.ವಿ. ಸುಬ್ಬಣ್ಣನವರು ಊರಿನವರ ಜೊತೆಗೂಡಿ ಬೆಳೆಸಿದರು. ಅಲ್ಲಿಯ ಸಂಸ್ಕೃತಿ ಶಿಬಿರಗಳಲ್ಲಿ ನಾಡಿನ ನಾನಾ ಕಡೆಯವರು ಒಟ್ಟಿಗೆ ಕುಳಿತು ಓದಿದರು, ವಾದಿಸಿದರು, ನಾಟಕ ನೋಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ನಲವತ್ತು ವರ್ಷ ಆ ಹಳ್ಳಿ ಸುಮ್ಮನೆ ದುಡಿಯಿತೆಂಬುದನ್ನು ಹೇಳುವವರು ಕಡಮೆ. ಒಂದು ಹಳ್ಳಿ ಮಾಡಿದ್ದನ್ನು ಮೂರು ಪಟ್ಟಣಗಳು ಕೂಡಿದರೆ ಮಾಡಲಾರವೇ?

ಇವುಗಳ ಜೊತೆಗೆ ನಾಲ್ಕನೆಯದೊಂದನ್ನು ನಾವು ಸೇರಿಸುತ್ತೇವೆ: ಮೊದಲ ಪುಸ್ತಕ. ಬರೆದವನಿಗೆ ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಅದೇ. ಕಥೆಗಾರ ವಸುಧೇಂದ್ರರ ಛಂದ ಪುಸ್ತಕ ಪ್ರಕಾಶನವು ಇನ್ನೂ ಒಂದೂ ಕಥಾಸಂಕಲನ ತಾರದವರಿಂದ ಹಸ್ತಪ್ರತಿ ಕರೆದು, ಆರಿಸಿದ್ದನ್ನು ತಾನೇ ಅಚ್ಚು ಹಾಕಿಸಿ ಬಹುಮಾನ ಕೊಡುವ ಕ್ರಮವನ್ನು ರೂಢಿಗೆ ತಂದಿತು. ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುವ ಯೋಜನೆ ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿಯೂ ಉಂಟು. ಆದರೆ ಅರ್ಜಿ ಎಲ್ಲಿ ಸಿಗುತ್ತದೆ, ಯಾವಾಗ ಹಾಕಬೇಕು, ಇದು ಮಳವಳ್ಳಿಯ ನೇಕಾರನ ಮಗಳಿಗೆ ಹೇಗೆ ಗೊತ್ತಾಗಬೇಕು? ತಿಳಿಸುವವರಿಲ್ಲದ ಯೋಜನೆ ಬೀಗ ಹಾಕಿದ ಕಣಜದಂತೆ.

ನೆರವಿನ ಕೊಂಡಿಗಳು ಒಂದಕ್ಕೊಂದು ಸರಿಯಾಗಿ ಸೇರಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಹಾಸನದಲ್ಲಿಯೇ ನಿದರ್ಶನವಿದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆಯಿತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಸಂದದ್ದು ಅದೇ ಮೊದಲು. 50,000 ಪೌಂಡನ್ನು ಲೇಖಕಿಗೂ ಅನುವಾದಕಿ ಕೊಡಗಿನ ದೀಪಾ ಭಾಸ್ತಿಯವರಿಗೂ ಸಮಪಾಲಾಗಿ ಹಂಚಲಾಯಿತು. ಆ ಪುಸ್ತಕದ 12 ಕಥೆಗಳು 1990ರಿಂದ 2023ರವರೆಗೆ ಬರೆದವು; 33 ವರ್ಷಗಳ ಬೆಳೆ. ಅಚ್ಚು ಹಾಕಿದ್ದು ದೊಡ್ಡ ವ್ಯಾಪಾರದ ಕಂಪನಿಯಲ್ಲ. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದಲ್ಲಿ, ಲಾಭಕ್ಕಾಗಿ ನಡೆಯದ ಅಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನ. ಅದರ ಓದುಗರು ಮುಂಗಡವಾಗಿ ಚಂದಾ ಕೊಡುತ್ತಾರೆ. ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಇಂಗ್ಲಿಷ್ ಪೆನ್ ಎಂಬ ಲೇಖಕರ ಸಂಘ ಅನುವಾದಕ್ಕೆ ನೆರವು ಕೊಟ್ಟಿತು. ವಾಚಕರು ಇದನ್ನು ಗಮನಿಸಬೇಕು. ಎಲ್ಲಿಯೋ ಇರುವ ಸಾಮಾನ್ಯ ಓದುಗರ ಸಣ್ಣ ಚಂದಾ ಹಣ, ಹಾಸನದ ಮುಸ್ಲಿಂ ಹೆಣ್ಣುಮಕ್ಕಳ ನೋವನ್ನು ಲೋಕಕ್ಕೆ ಮುಟ್ಟಿಸಲು ಒದಗಿತು.

ಇಲ್ಲಿ ನಮ್ಮ ಸಂಗಾತಿಗಳೇ ಒಂದು ಆಕ್ಷೇಪಣೆ ಎತ್ತಬಹುದು. ಬೋನಸ್ಸಿಗೆ, ಬಾಕಿ ಸಂಬಳಕ್ಕೆ ಹೋರಾಡುವ ನಮಗೆ ಕಥೆ, ಕವನ ಏತಕ್ಕೆ? ಹಸಿದವನಿಗೆ ಹಾಡು ಹೊಟ್ಟೆ ತುಂಬಿಸುತ್ತದೆಯೇ? ಈ ಪ್ರಶ್ನೆ ನ್ಯಾಯವಾದದ್ದು, ತಳ್ಳಿಹಾಕತಕ್ಕದ್ದಲ್ಲ. ಆದರೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಕಡೆಗೆ ಒಮ್ಮೆ ನೋಡಿರಿ. ಮಂಟೇಸ್ವಾಮಿಯ ಗದ್ದುಗೆ ಇರುವ ಊರು ಅದು. ತಂಬೂರಿ ಹಿಡಿದು ನೀಲಗಾರರು ರಾತ್ರಿಯೆಲ್ಲ ಹಾಡುವ ಆ ಮಹಾಕಾವ್ಯದಲ್ಲಿ ಹಲಗೂರಿನ ಪಾಂಚಾಳರ ಕುಲುಮೆ ಬರುತ್ತದೆ, ಕಬ್ಬಿಣ ಬರುತ್ತದೆ, ದುಡಿಯುವವರ ಜಂಬವೂ ಸಂಕಟವೂ ಬರುತ್ತವೆ. ಅದನ್ನು ತಲೆಮಾರುಗಳ ಕಾಲ ಉಳಿಸಿದವರು ಯಾರು? ಅರಮನೆಯ ದಾನವೊಂದೇ ಅಲ್ಲ. ನೀಲಗಾರನ ಜೋಳಿಗೆಗೆ ಮೊರದಲ್ಲಿ ರಾಗಿ ತಂದು ಸುರಿದ ಮನೆಮನೆಯ ಹೆಂಗಸರು. ಅವರೇನೂ ಹೊಟ್ಟೆ ತುಂಬಿದವರಾಗಿರಲಿಲ್ಲ. ತಮ್ಮ ಕಥೆಯನ್ನು ಹೇಳುವವನು ಹಸಿಯಬಾರದೆಂಬ ವಿವೇಕ ಅವರಿಗಿತ್ತು, ಅಷ್ಟೆ. ತನ್ನ ಬಾಳನ್ನು ತಾನೇ ಹೇಳಿಕೊಳ್ಳಲಾರದ ಜನದ ಬಾಳನ್ನು ಬೇರೆಯವರು ತಮಗೆ ತೋಚಿದಂತೆ ಹೇಳುತ್ತಾರೆ. ಹೋರಾಟದ ಲೆಕ್ಕದಲ್ಲಿ ಇದೂ ಒಂದು ನಷ್ಟವೇ.

ಇನ್ನು ಹಣದ ಮಾತು. ಅಂಗಡಿಯವರೇ, ಮನೆಯುಳ್ಳವರೇ, ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಸೇರಿದೆಯೆಂಬುದು ನಿಮಗೆ ತಿಳಿದಿರಲಿ. ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಲೈಬ್ರರಿ ನಮಗೆ ಯಾರೋ ಕೊಟ್ಟ ಭಿಕ್ಷೆಯಲ್ಲ, ನಮ್ಮ ಹಣದ್ದು. ನಮ್ಮ ಊರಿನಲ್ಲಿ ವಸೂಲಾದ ಕರವೆಷ್ಟು, ಗ್ರಂಥಾಲಯಕ್ಕೆ ಸಂದದ್ದೆಷ್ಟು, ಅದರಲ್ಲಿ ಹೊಸ ಕನ್ನಡ ಪುಸ್ತಕ ಕೊಂಡದ್ದೆಷ್ಟು, ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಬರಹದಲ್ಲಿ ಕೇಳೋಣ. ಸಂಜೆಯ ಹೊತ್ತು ಲೈಬ್ರರಿಯ ಒಂದು ಕೋಣೆಯನ್ನು ಬರೆಯುವವರಿಗೆ ಬಿಟ್ಟುಕೊಡಿರೆಂದೂ ಕೇಳೋಣ.

ಸರ್ಕಾರವನ್ನು ಕೇಳುವುದರ ಜೊತೆಗೆ ನಾವೂ ಕೈ ಹಾಕಬೇಕು. ನಮ್ಮ ಸೂಚನೆ ಇದು. ಮೂರು ಪಟ್ಟಣಗಳಲ್ಲಿ ಕೂಡಿ 500 ಮಂದಿ ತಿಂಗಳಿಗೆ 10 ರೂಪಾಯಿ ಕೊಡಲಿ. ಮದ್ದೂರಿನ ಎಳನೀರು ಮಂಡಿಯ ಸಂಗಾತಿಗಳಿಗೆ ಇದು ಒಂದು ಕಾಫಿಯ ಮಾತು. ವರ್ಷಕ್ಕೆ 60,000 ರೂಪಾಯಿ ಆಯಿತು. ಕಬ್ಬು ನುರಿಸುವ ಹಂಗಾಮು ಮುಗಿದು ಹಂಗಾಮಿ ಕೆಲಸಗಾರ ಮನೆಯಲ್ಲಿ ಕೂರುವ ಕಾಲದಲ್ಲಿ, ತಿಂಗಳಿಗೆ 15,000ದಂತೆ ಮೂರು ತಿಂಗಳು ಒಬ್ಬನಿಗೆ ಅಥವಾ ಒಬ್ಬಳಿಗೆ ಬರಹದ ವೇತನ ಕೊಟ್ಟರೆ 45,000. ಉಳಿದ 15,000 ರೂಪಾಯಿ ತಿಂಗಳಿಗೊಂದು ಭಾನುವಾರದ ಉಚಿತ ಶಿಬಿರಕ್ಕೆ: ಕಾಗದ, ಚಹ, ಪಾಠ ಹೇಳಲು ಬರುವವರ ಬಸ್ ಚಾರ್ಜು. ಶಾಲಾ ಕೋಣೆಗಳು ಭಾನುವಾರ ಖಾಲಿ ಇರುತ್ತವೆ. ಕೇಳಿದರೆ ಮೇಷ್ಟರುಗಳು ಇಲ್ಲವೆನ್ನಲಾರರು. ಹೆಂಗಸರು ಬರುವಂತೆ ಹೊತ್ತನ್ನು ಗೊತ್ತುಮಾಡಬೇಕು, ಮಕ್ಕಳನ್ನು ಜೊತೆಯಲ್ಲಿ ತರಲು ಅಡ್ಡಿ ಇರಬಾರದು.

ನಿಯಮಗಳು ಕೆಲವು ಮಾತ್ರ, ಆದರೆ ಗಟ್ಟಿಯಾಗಿರಬೇಕು. ಪ್ರವೇಶ ಶುಲ್ಕ ಇರಕೂಡದು. ಕೈಬರಹದ ಪ್ರತಿಯನ್ನು ಒಪ್ಪಿಕೊಳ್ಳಬೇಕು. ತೀರ್ಪುಗಾರರಿಗೆ ಬರೆದವರ ಹೆಸರು, ಜಾತಿ, ಊರು ತಿಳಿಯಕೂಡದು. ಹತ್ತು ಕೊಟ್ಟವನಿಗೂ ಹತ್ತು ಸಾವಿರ ಕೊಟ್ಟವನಿಗೂ ಆಯ್ಕೆಯಲ್ಲಿ ಮಾತಿಲ್ಲ. ನಮ್ಮ ಪಕ್ಷವೂ ಇದಕ್ಕೆ ಹೊರತಲ್ಲ. ಪಕ್ಷವನ್ನು ಹೊಗಳಿ ಬರೆದವನಿಗೆ ವೇತನ ಕೊಡುವುದಾದರೆ ಅದು ಬರಹದ ವೇತನವಲ್ಲ, ಕೂಲಿ. ಪ್ರತಿ ಪೈಸೆಯ ಲೆಕ್ಕ ಈ ಪುಟದಲ್ಲಿಯೇ ಅಚ್ಚಾಗಬೇಕು.

ತೂಕದ ಚೀಟಿಯ ಬೆನ್ನಿಗೆ ಬರೆಯುವ ಆ ಹುಡುಗನನ್ನು ಮೊನ್ನೆ ಕಂಡೆವು. ಕಥೆ ಎಲ್ಲಿಗೆ ಬಂತೆಂದು ಕೇಳಿದೆವು. 'ಮುಕ್ಕಾಲು ಆಗಿದೆ ಮೇಷ್ಟ್ರೇ, ಮಿಲ್ಲು ನಿಂತ ಮೇಲೆ ಕೂಲಿಗೆ ಬೆಂಗಳೂರಿಗೆ ಹೋಗಬೇಕು, ಬಂದ ಮೇಲೆ ನೋಡೋಣ' ಎಂದನು. ಉಳಿದ ಕಾಲು ಭಾಗವನ್ನು ಬರೆಯಿಸುವ ಹೊಣೆ ಅವನೊಬ್ಬನದೇ ಅಲ್ಲ. ಚಂದಾ ಕೊಡಲು ಒಪ್ಪುವವರು ಬರುವ ವಾರದೊಳಗೆ ತಮ್ಮ ಹೆಸರನ್ನು ಪತ್ರಿಕೆಯ ಕಚೇರಿಗೆ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮೊದಲ ಹೆಸರು ನಮ್ಮದೇ ಬರೆದುಕೊಂಡಿದ್ದೇವೆ.