ಸ್ಕ್ಯಾನಿನಲ್ಲಿ ಕಂಡ ಬಿಳಿ ಉಂಗುರ: ಎಲೆಕೋಸಿನ ಹುಳವೇ, ಕ್ಷಯವೇ, ಗಡ್ಡೆಯೇ?

"ಎಲೆಕೋಸು ತಿನ್ನಬೇಡಿ, ಮಿದುಳಿಗೆ ಹುಳ ಹೋಗುತ್ತದೆ." ವಾಟ್ಸ್‌ಆ್ಯಪ್‌ನಲ್ಲಿ ಈ ಮಾತನ್ನು ನೀವೂ ಓದಿರುತ್ತೀರಿ. ಜೊತೆಗೊಂದು ಸ್ಕ್ಯಾನ್ ಚಿತ್ರ ಇರುತ್ತದೆ: ಬೂದು ಬಣ್ಣದ ಮಿದುಳು, ಅದರ ತುಂಬ ಬಿಳಿ ಚುಕ್ಕೆಗಳು. ಚಿತ್ರ ಸುಳ್ಳಲ್ಲ. ಆದರೆ ಅದರ ಕೆಳಗೆ ಬರೆದಿರುವ ವಿವರಣೆಯಲ್ಲಿ ಅರ್ಧ ಸತ್ಯ, ಅರ್ಧ ಸುಳ್ಳು. ಯಾವುದು ಎಷ್ಟು ಎಂದು ನೋಡೋಣ.

ಮೊದಲಿಗೆ ಒಂದು ಸಾಮಾನ್ಯ ಸನ್ನಿವೇಶ. ಆರೋಗ್ಯವಾಗಿದ್ದ ಯುವಕನಿಗೋ ಶಾಲೆಗೆ ಹೋಗುವ ಹುಡುಗಿಗೋ ಒಂದು ದಿನ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಮಿದುಳಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದೇ ಒಂದು ಬಿಳಿ ಉಂಗುರ ಕಾಣುತ್ತದೆ. ಮನೆಯವರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಆದರೆ ನಮ್ಮ ದೇಶದಲ್ಲಿ ಇಂಥ ಉಂಗುರಗಳ ಕಥೆ ಬೇರೆಯೇ ಇದೆ.

ಉಂಗುರ ಎಂದರೇನು?

ಸ್ಕ್ಯಾನ್ ಮಾಡುವಾಗ ರಕ್ತನಾಳಕ್ಕೆ ಒಂದು ಬಗೆಯ ದ್ರವವನ್ನು ಚುಚ್ಚುತ್ತಾರೆ. ಆರೋಗ್ಯವಂತ ಮಿದುಳಿನಲ್ಲಿ ರಕ್ತನಾಳದ ಗೋಡೆ ಬಿಗಿಯಾಗಿರುವುದರಿಂದ ದ್ರವ ಹೊರಗೆ ಸೋರುವುದಿಲ್ಲ. ಎಲ್ಲಿ ಉರಿಯೂತ ಇದೆಯೋ ಅಲ್ಲಿ ಗೋಡೆ ಸಡಿಲವಾಗಿ ದ್ರವ ಸೋರುತ್ತದೆ, ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಮಧ್ಯದಲ್ಲಿರುವ ವಸ್ತುವಿನ ಸುತ್ತ ಹೀಗಾದಾಗ ಉಂಗುರ ಮೂಡುತ್ತದೆ. ಅಂದರೆ ನಮಗೆ ಕಾಣುವುದು ಮಧ್ಯದ ವಸ್ತುವಿಗೆ ದೇಹ ತೋರಿದ ಪ್ರತಿಕ್ರಿಯೆ. ಕ್ಷಯದ ಗಂಟು, ಕೀವು ತುಂಬಿದ ಬಾವು, ಗಡ್ಡೆ, ಸಾಯುತ್ತಿರುವ ಪರಾವಲಂಬಿ, ಯಾವುದಿದ್ದರೂ ಉಂಗುರ ಬರಬಹುದು.

ತಾನೇ ಮಾಯವಾದ ಕಲೆಗಳು

ಸಿಟಿ ಸ್ಕ್ಯಾನ್ ಭಾರತಕ್ಕೆ ಬಂದ ಮೇಲೆ ಫಿಟ್ಸ್ ಇರುವ ಅನೇಕರಲ್ಲಿ ಈ ಪುಟ್ಟ ಉಂಗುರಗಳು ಕಾಣತೊಡಗಿದವು. ನಮ್ಮಲ್ಲಿ ಕ್ಷಯ ಹೆಚ್ಚು, ಹಾಗಾಗಿ ಇವು ಕ್ಷಯದ ಗಂಟುಗಳೇ ಎಂದು ಬಹಳಷ್ಟು ವೈದ್ಯರು ನಂಬಿದರು. ರೋಗಿಗಳಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟರು. ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದರೆ ಉಂಗುರ ಇರಲಿಲ್ಲ. ಔಷಧಿ ಕೆಲಸ ಮಾಡಿತು, ಆದ್ದರಿಂದ ಅದು ಕ್ಷಯವೇ ಎಂಬ ತೀರ್ಮಾನ ಗಟ್ಟಿಯಾಯಿತು.

ಈ ತರ್ಕದಲ್ಲಿ ಒಂದು ತೂತಿತ್ತು. ಕ್ಷಯದ ಮಾತ್ರೆ ತೆಗೆದುಕೊಳ್ಳದೆ, ಬರೀ ಫಿಟ್ಸ್ ಮಾತ್ರೆ ನುಂಗುತ್ತಿದ್ದವರಲ್ಲೂ ಉಂಗುರ ಮಾಯವಾಗುತ್ತಿತ್ತು. 1980ರ ದಶಕದ ನಡುವಿನಲ್ಲಿ ದೆಹಲಿಯ ವೈದ್ಯರು ಈ 'ಮಾಯವಾಗುವ ಕಲೆ'ಗಳ ಬಗ್ಗೆ ಬರೆದರು. ಕೊನೆಗೆ ನಮ್ಮ ನೆರೆಯ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಉಂಗುರಗಳನ್ನೇ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಚ್ಚಿನವುಗಳಲ್ಲಿ ಸಿಕ್ಕಿದ್ದು ಕ್ಷಯವಲ್ಲ, ಹಂದಿ ಲಾಡಿಹುಳುವಿನ ಮರಿಯ ಅವಶೇಷ. 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಎಂಥ ಉಂಗುರವನ್ನು ಶಸ್ತ್ರಚಿಕಿತ್ಸೆ ಇಲ್ಲದೆ ಗುರುತಿಸಬಹುದು ಎಂಬುದಕ್ಕೆ ಇವರು ಮುಂದೆ ಸೂತ್ರಗಳನ್ನೂ ಕೊಟ್ಟರು: ಒಂದೇ ಉಂಗುರ, 20 ಮಿಲಿಮೀಟರಿಗಿಂತ ಚಿಕ್ಕದು, ಮಿದುಳನ್ನು ಪಕ್ಕಕ್ಕೆ ತಳ್ಳುವಷ್ಟು ಊತವಿಲ್ಲ, ರೋಗಿಯಲ್ಲಿ ದಿನೇ ದಿನೇ ಹೆಚ್ಚುವ ನರದೌರ್ಬಲ್ಯವಿಲ್ಲ, ದೇಹದ ಬೇರೆಡೆ ಕ್ಷಯದಂಥ ಸಕ್ರಿಯ ಕಾಯಿಲೆಯಿಲ್ಲ.

ಹಂದಿಮಾಂಸ ಮುಟ್ಟದವರಿಗೂ ಏಕೆ?

ಇಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಸರಿಯಾಗಿ ಬೇಯದ, ಸೋಂಕಿರುವ ಹಂದಿಮಾಂಸ ತಿಂದರೆ ಹುಳು ಕರುಳಿನಲ್ಲಿ ಬೆಳೆಯುತ್ತದೆ. ಹಾಗೆ ಹುಳುವಿರುವವರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳಿರುತ್ತವೆ. ಆ ಮೊಟ್ಟೆ ಕೊಳಕು ಕೈ, ನೀರು ಅಥವಾ ಹಸಿ ತರಕಾರಿಯ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿ ಹೊರಬಂದು, ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಮಿದುಳು ತಲುಪಬಹುದು. ಅಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಅದು ಸಾಯತೊಡಗಿದಾಗ ಉರಿಯೂತ ಆಗುತ್ತದೆ, ಆಗಲೇ ಫಿಟ್ಸ್, ಆಗಲೇ ಉಂಗುರ.

ಹಾಗಾಗಿ ಚೆನ್ನಾಗಿ ಬೆಂದ ಕೊಡಗಿನ ಪಂದಿ ಕರಿ ತಿಂದವರು ಹೆದರಬೇಕಿಲ್ಲ, ಹುಟ್ಟಾ ಸಸ್ಯಾಹಾರಿಗಳು 'ನಮಗೆ ಬರದು' ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಧರ್ಮದ ಕಾರಣಕ್ಕೆ ಹಂದಿಮಾಂಸ ಮುಟ್ಟದ ನ್ಯೂಯಾರ್ಕಿನ ಯಹೂದಿ ಸಮುದಾಯದ ನಾಲ್ವರಲ್ಲಿ ಈ ಕಾಯಿಲೆ ಕಂಡದ್ದು 1992ರಲ್ಲಿ ವರದಿಯಾಯಿತು. ಅವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬರ ಕರುಳಿನಲ್ಲಿ ಲಾಡಿಹುಳು ಇತ್ತು. ಹುಳು ಯಾರ ಹೊಟ್ಟೆಯಲ್ಲಾದರೂ ಇರಬಹುದು, ಮನೆಯವರದ್ದೂ ಸೇರಿ. ಅಡುಗೆ ಮಾಡುವವರು ಶೌಚದ ನಂತರ ಸೋಪು ಹಾಕಿ ಕೈ ತೊಳೆಯುತ್ತಾರೆಯೇ ಎಂಬುದೇ ಮುಖ್ಯ.

ಎಲೆಕೋಸಿನ ಪಾಲು ಎಷ್ಟು? ಕೋಸಿನ ಎಲೆಯಲ್ಲಿ ಹರಿದಾಡುವ ಹಸಿರು ಹುಳ ಚಿಟ್ಟೆ, ಪತಂಗಗಳ ಮರಿ. ಅದಕ್ಕೂ ಲಾಡಿಹುಳುವಿಗೂ ಸಂಬಂಧವಿಲ್ಲ. ಕೊಳಚೆ ನೀರು ತಾಗಿದ ಯಾವ ತರಕಾರಿಗಾದರೂ ಮೊಟ್ಟೆ ಅಂಟಬಹುದು, ಕೊತ್ತಂಬರಿಗೂ ಮೂಲಂಗಿಗೂ. ಚೆನ್ನಾಗಿ ಬೇಯಿಸಿದರೆ ಮೊಟ್ಟೆ ಸಾಯುತ್ತದೆ. ಕೋಸಿನ ಪಲ್ಯ ಧಾರಾಳವಾಗಿ ತಿನ್ನಿ. ಹಸಿಯಾಗಿ ತಿನ್ನುವುದನ್ನು ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಿರಿ.

ನಮ್ಮ ಊರಿನ ಮಾತು

ಯಲಹಂಕದ ಪುಟ್ಟೇನಹಳ್ಳಿಯಂಥ ಊರುಗಳು ನಿನ್ನೆ ಹಳ್ಳಿ, ಇಂದು ನಗರ. ಈ ವ್ಯತ್ಯಾಸಕ್ಕೂ ಫಿಟ್ಸ್‌ಗೂ ನಂಟಿದೆಯೇ? ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ನಗರದಲ್ಲಿ ಸಾವಿರಕ್ಕೆ 5.7 ಜನರಿಗೆ ಅಪಸ್ಮಾರ ಇದ್ದರೆ, ಹಳ್ಳಿಗಳಲ್ಲಿ 11.9 ಜನರಿಗೆ ಇತ್ತು, ಅಂದರೆ ಎರಡು ಪಟ್ಟು. ಎಲ್ಲಕ್ಕೂ ಈ ಹುಳುವೇ ಕಾರಣವಲ್ಲ. ಆದರೆ ಹುಳು ಹರಡಿರುವ ಅನೇಕ ಪ್ರದೇಶಗಳಲ್ಲಿ ಅಪಸ್ಮಾರದ ಸುಮಾರು 30% ಪ್ರಕರಣಗಳಿಗೆ ಇದು ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೌಚಾಲಯ, ಒಳಚರಂಡಿ, ಶುದ್ಧ ನೀರು ಇದ್ದರೆ ಇಷ್ಟನ್ನು ತಡೆಯಬಹುದು ಎಂದೇ ಇದರ ಅರ್ಥ.

ರಿಪೋರ್ಟ್ ಕೈಗೆ ಬಂದಾಗ

ಉಂಗುರ ಎಂಬ ಪದ ನೋಡಿ ಗಾಬರಿಯಾಗಬೇಡಿ, ನರರೋಗ ತಜ್ಞರಲ್ಲಿ ಮೂರು ಪ್ರಶ್ನೆ ಕೇಳಿ. ಇದು ಹುಳುವಿನ ಮರಿಯೇ ಎನ್ನಲು ಏನು ಆಧಾರ? ಉಂಗುರದೊಳಗೆ ಹುಳುವಿನ ತಲೆಯ ಚುಕ್ಕೆ ಕಾಣುತ್ತಿದ್ದರೆ ಅದು ಬಲವಾದ ಸಾಕ್ಷಿ. ಕ್ಷಯವನ್ನು ತಳ್ಳಿಹಾಕಲು ಏನು ಪರೀಕ್ಷೆ ಆಗಿದೆ? ಮತ್ತೆ ಸ್ಕ್ಯಾನ್ ಯಾವಾಗ?

ಜಂತುಹುಳುವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೊಂಡು ನುಂಗಿ ಮಿದುಳಿನ ಹುಳುವಿಗೆ ಮದ್ದು ಮಾಡಿಕೊಳ್ಳಬೇಡಿ. ಮರಿಗಳು ಒಮ್ಮೆಲೇ ಸತ್ತರೆ ಊತ ಹೆಚ್ಚಿ ಅಪಾಯವಾಗಬಹುದು, ಅದಕ್ಕೇ ವೈದ್ಯರು ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ. ಫಿಟ್ಸ್ ಮಾತ್ರೆಯನ್ನೂ ತಾನಾಗಿ ನಿಲ್ಲಿಸಬಾರದು. ಉಂಗುರ ಪೂರ್ತಿ ಮಾಯವಾದರೆ ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡಲು ಅವಕಾಶವಿದೆ. ಸುಣ್ಣಗಟ್ಟಿದ ಚುಕ್ಕೆ ಉಳಿದರೆ ಫಿಟ್ಸ್ ಮರುಕಳಿಸುವ ಸಾಧ್ಯತೆ ಹೆಚ್ಚು, ಆಗ ಮಾತ್ರೆ ಮುಂದುವರಿಯಬೇಕಾಗಬಹುದು. ಮನೆಯವರ ಮಲ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಮನೆಯಲ್ಲೇ ಯಾರದಾದರೂ ಕರುಳಿನಲ್ಲಿ ಹುಳುವಿದ್ದರೆ ಅದನ್ನು ಸುಲಭವಾಗಿ ಗುಣಪಡಿಸಬಹುದು, ಇನ್ನೊಬ್ಬರ ಮಿದುಳನ್ನೂ ಉಳಿಸಬಹುದು.