ಪಾಪಾ ಕಾಫಿ ಕುಡಿಯುವುದು!



ಈ ವಾರ ನೆದರ್‌ಲ್ಯಾಂಡ್ಸ್ ದೇಶಕ್ಕೆ ಹೋಗಿ ಬರೋಣ. ಅಲ್ಲಿನವರ ಮಾತು ಡಚ್. 'ಅಪ್ಪ ಕಾಫಿ ಕುಡಿಯುತ್ತಾರೆ' ಎನ್ನುವಾಗ ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ. ಅವರು 'ಪಾಪಾ ಡ್ರಿಂಕ್ಟ್ ಕಾಫಿ' ಎನ್ನುತ್ತಾರೆ. ಕ್ರಿಯಾಪದ ಎರಡನೆಯ ಜಾಗಕ್ಕೆ ಬರಬೇಕು, ಅದಕ್ಕೊಂದು 'ಟ್' ಬಾಲವೂ ಅಂಟಬೇಕು. 'ಏಕೆಂದರೆ' ಎಂದು ಮಾತು ಶುರುವಾದರೆ ಅದೇ ಕ್ರಿಯಾಪದ ಕೊನೆಗೆ ಓಡುತ್ತದೆ!

ಎರಡು ವರ್ಷದ ಡಚ್ ಮಗು 'ಪಾಪಾ ಕಾಫಿ ಡ್ರಿಂಕೆನ್' ಎನ್ನುತ್ತದೆ. 'ಅಪ್ಪ ಕಾಫಿ ಕುಡಿಯುವುದು' ಎಂದ ಹಾಗೆ. ಹೆಚ್ಚಿನ ಮಕ್ಕಳು ಶಾಲೆ ಸೇರುವ ಹೊತ್ತಿಗೆ ತಾವಾಗಿಯೇ ಸರಿಯಾಗಿ ಮಾತಾಡುತ್ತಾರೆ. ಕೆಲವರು ಮಾತ್ರ ಆರೇಳು ವರ್ಷವಾದರೂ ಆಗಾಗ ಹೀಗೇ ಹೇಳುತ್ತಾರೆ. ಲೆಡ್ಜರಿನಲ್ಲಿ ಮೊತ್ತ ಸರಿಯಿದ್ದು ಕಾಲಂ ತಪ್ಪಿದಂತೆ. ಹೇಳಬೇಕಾದ ವಿಷಯ ಮಗುವಿಗೆ ಚೆನ್ನಾಗಿ ಗೊತ್ತಿದೆ, ಪದಗಳು ಜಾಗ ತಪ್ಪಿವೆ.

ಇನ್ನೊಂದು ತೊಡಕು ಕೇಳಿ. ಡಚ್ ನಾಮಪದದ ಹಿಂದೆ 'ಡೆ' ಅಥವಾ 'ಹೆಟ್' ಬರುತ್ತದೆ. 'ಡೆ ಸ್ಟೂಲ್' ಎಂದರೆ ಕುರ್ಚಿ, 'ಹೆಟ್ ಬೂಕ್' ಎಂದರೆ ಪುಸ್ತಕ. ಯಾವುದಕ್ಕೆ ಯಾವುದು ಎಂಬುದನ್ನು ಬಹುಮಟ್ಟಿಗೆ ಕೇಳಿಯೇ ನೆನಪಿಡಬೇಕು. ಎಲ್ಲ ಮಕ್ಕಳೂ ಮೊದಮೊದಲು 'ಡೆ ಬೂಕ್' ಎನ್ನುತ್ತಾರೆ. ಈ ಮಕ್ಕಳಿಗೆ ಆ ತಪ್ಪು ಬಿಡಲು ಇನ್ನೂ ಬಹಳ ಕಾಲ ಬೇಕು.

ಇದು ಭಾಷಾ ಬೆಳವಣಿಗೆಯ ತೊಂದರೆ. 30 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರಿಗೆ ಇರಬಹುದು. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಮಗು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಬರುವುದೂ ಅಲ್ಲ.

ಅಜ್ಜ ಅಜ್ಜಿಯರೇ, ಮಗು ತಪ್ಪಿದಾಗ 'ಸರಿಯಾಗಿ ಹೇಳು' ಎಂದು ಗದರಬೇಡಿ. 'ಹೌದಪ್ಪ, ಪಾಪಾ ಡ್ರಿಂಕ್ಟ್ ಕಾಫಿ' ಎಂದು ಸರಿಯಾದ ವಾಕ್ಯವನ್ನು ನೀವೇ ಮೆಲ್ಲಗೆ ಹೇಳಿ, ಮಾತು ಮುಂದುವರಿಸುವುದು ಅಲ್ಲಿನ ಮಾತಿನ ಚಿಕಿತ್ಸಕರು ತೋರಿಸಿಕೊಡುವ ದಾರಿ.

ಕನ್ನಡದ ಮಕ್ಕಳಲ್ಲೂ ಈ ತೊಂದರೆ ಉಂಟು, ತಪ್ಪಿನ ರೂಪ ಮಾತ್ರ ಬೇರೆ. ಅನುಮಾನವಿದ್ದರೆ 'ದೊಡ್ಡವನಾದಾಗ ಸರಿಹೋಗುತ್ತೆ' ಎಂದು ಸುಮ್ಮನೆ ಕೂರದೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂಥ ಕೆಲಸಕ್ಕೆಂದೇ ಇದೆ.

ಮೊಮ್ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಾರಾದರೂ ಹೀಗೆ ತಡವರಿಸಿದರೆ ನಗಬೇಡಿ. ನಕ್ಕರೆ ಆ ಮಗು ಮಾತನ್ನೇ ನಿಲ್ಲಿಸಿಬಿಡುತ್ತದೆ. ವಾಕ್ಯ ಮುಗಿಯುವವರೆಗೆ ಕಾಯಿರಿ, ಆಮೇಲೆ ಆಟಕ್ಕೆ ಕರೆಯಿರಿ.